ಸಸ್ಯಾಹಾರದಲ್ಲಿ ಸಸಾರಜನಕ: ದಂಪತಿಗಳು ತಿಳಿದಿರಬೇಕಾದ ವಿಷಯಗಳು

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿಯೇ ಇದ್ದೇವೆ. ಊಟವನ್ನು ಬಲ್ಲವರಾಗುವುದೆಂದರೆ ಹೊಟ್ಟೆ ತುಂಬ ಉಣ್ಣುವುದಷ್ಟೇ ಅಲ್ಲ. ಉಂಡ ಆಹಾರದಿಂದ ಶರೀರಕ್ಕೆ ಏನು ದೊರೆಯಿತು, ಮನೆಯಲ್ಲಿ ಯಾರಿಗೆ ಎಷ್ಟು ದೊರೆಯಿತು ಎಂಬುದನ್ನು ಅರಿಯುವುದೂ ಊಟವನ್ನು ಬಲ್ಲವರ ಲಕ್ಷಣ.

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಅನೇಕ ದಂಪತಿಗಳು, "ಡಾಕ್ಟರೇ, ನಾವು ಮಾಂಸ ಮೊಟ್ಟೆ ಮುಟ್ಟುವವರಲ್ಲ. ಶಕ್ತಿ ಬರುವಂತೆ ಒಂದು ಟಾನಿಕ್ಕನ್ನಾದರೂ ಬರೆದುಕೊಡಿ" ಎಂದು ಕೇಳುವುದುಂಟು. ಸಸ್ಯಾಹಾರಿಗಳಿಗೆ ಶಕ್ತಿ ಸಾಲದು, ಅವರು ಅದನ್ನು ಸೀಸೆಯಿಂದಲೋ ಡಬ್ಬಿಯ ಪುಡಿಯಿಂದಲೋ ತುಂಬಿಕೊಳ್ಳಬೇಕು ಎಂಬುದು ತಪ್ಪು ತಿಳಿವಳಿಕೆ. ಶರೀರವನ್ನು ಕಟ್ಟುವ ಸಸಾರಜನಕವು ನಮ್ಮ ಹೊಲಗಳಲ್ಲಿ ಬೆಳೆಯುವ ಕಾಳುಗಳಲ್ಲಿಯೇ ಹೇರಳವಾಗಿದೆ. ಆದರೆ ಅದು ತಟ್ಟೆಗೆ, ಅದರಲ್ಲಿಯೂ ಗರ್ಭಿಣಿಯ, ಬಾಣಂತಿಯ ಮತ್ತು ಮಗುವಿನ ತಟ್ಟೆಗೆ, ಸಾಕಷ್ಟು ಪ್ರಮಾಣದಲ್ಲಿ ಬೀಳುತ್ತಿದೆಯೇ ಎಂಬುದೇ ಪ್ರಶ್ನೆ. ಗಂಡಹೆಂಡಿರಿಬ್ಬರೂ ಕುಳಿತು ಈ ವಿಷಯವನ್ನು ಓದಿ ಚರ್ಚಿಸಬೇಕೆಂಬುದು ಈ ಲೇಖನದ ಉದ್ದೇಶ.

ಸಸಾರಜನಕವೆಂದರೇನು?

ಪ್ರೋಟೀನ್ ಎಂದು ಇತ್ತೀಚೆಗೆ ಎಲ್ಲರೂ ಕರೆಯುವ ಪೋಷಕಾಂಶವೇ ಸಸಾರಜನಕ. ಮನೆಗೆ ಇಟ್ಟಿಗೆ ಹೇಗೋ ಶರೀರಕ್ಕೆ ಸಸಾರಜನಕ ಹಾಗೆ. ನಮ್ಮ ಮಾಂಸಖಂಡ, ಚರ್ಮ, ಕೂದಲು, ರಕ್ತ, ರೋಗವನ್ನು ಎದುರಿಸುವ ಅಂಶಗಳು ಇವೆಲ್ಲವೂ ಅದರಿಂದಲೇ ನಿರ್ಮಾಣವಾಗುತ್ತವೆ. ಬೆಳೆಯುವ ಮಗುವಿಗೆ ಹೊಸ ಕಟ್ಟಡಕ್ಕಾಗಿ, ದೊಡ್ಡವರಿಗೆ ಸವೆದುಹೋದ ಭಾಗಗಳ ದುರಸ್ತಿಗಾಗಿ, ಗರ್ಭಿಣಿಗೆ ತನ್ನೊಳಗಿನ ಶಿಶುವಿನ ಬೆಳವಣಿಗೆಗಾಗಿ ಸಸಾರಜನಕ ಬೇಕು.

ಈ ಇಟ್ಟಿಗೆಯೂ ಅಮೈನೋ ಆಮ್ಲಗಳೆಂಬ ಚಿಕ್ಕ ಚಿಕ್ಕ ತುಣುಕುಗಳಿಂದ ಆಗಿದೆ. ಇವುಗಳಲ್ಲಿ 9 ಬಗೆಯವನ್ನು ಶರೀರವು ತಾನೇ ತಯಾರಿಸಲಾರದು. ಅವು ಆಹಾರದಿಂದಲೇ ಬರಬೇಕು.

ಇನ್ನೊಂದು ಮುಖ್ಯ ಸಂಗತಿಯಿದೆ. ದುಡಿಮೆಗೆ ಬೇಕಾದ ಶಕ್ತಿಯನ್ನು ಕೊಡುವಷ್ಟು ಅನ್ನ, ಮುದ್ದೆ, ರೊಟ್ಟಿಗಳೇ ದೊರೆಯದಿದ್ದರೆ, ಶರೀರವು ಸಸಾರಜನಕವನ್ನೇ ಉರುವಲಾಗಿ ಸುಟ್ಟುಬಿಡುತ್ತದೆ. ಇದು ಒಲೆಗೆ ಸೌದೆಯಿಲ್ಲವೆಂದು ಮನೆಯ ತೊಲೆಯನ್ನೇ ಮುರಿದು ಒಲೆಗಿಟ್ಟಂತೆ. ಆದುದರಿಂದ ಮೊದಲು ಹೊಟ್ಟೆ ತುಂಬುವಷ್ಟು ಊಟ, ಅದರೊಡನೆ ಸಾಕಷ್ಟು ಕಾಳುಬೇಳೆ. ಇವೆರಡೂ ಕೂಡಿಯೇ ಇರತಕ್ಕದ್ದು.

ಯಾರಿಗೆ ಎಷ್ಟು ಬೇಕು?

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಭಾರತೀಯರಿಗಾಗಿ 2020ರಲ್ಲಿ ಪರಿಷ್ಕರಿಸಿರುವ ಲೆಕ್ಕದಂತೆ, ವಯಸ್ಕರಿಗೆ ಪ್ರತಿ ಕಿಲೋ ದೇಹತೂಕಕ್ಕೆ ದಿನವೊಂದಕ್ಕೆ 0.83 ಗ್ರಾಂ ಸಸಾರಜನಕ ಬೇಕು. ಎಂದರೆ 65 ಕಿಲೋ ತೂಕದ ಪುರುಷನಿಗೆ ಸುಮಾರು 54 ಗ್ರಾಂ, 55 ಕಿಲೋ ತೂಕದ ಸ್ತ್ರೀಗೆ ಸುಮಾರು 46 ಗ್ರಾಂ. ಬಹುಪಾಲು ಧಾನ್ಯವನ್ನೇ ಉಣ್ಣುವವರು ಮತ್ತು ಹಾಲನ್ನು ಬಳಸದವರು ಕಿಲೋ ಒಂದಕ್ಕೆ 1 ಗ್ರಾಂ ಎಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಗರ್ಭ ಧರಿಸಿದ ನಾಲ್ಕನೆಯ ತಿಂಗಳಿನಿಂದ ಆರನೆಯ ತಿಂಗಳವರೆಗೆ ದಿನಕ್ಕೆ ಸುಮಾರು 10 ಗ್ರಾಂ, ಕಡೆಯ ಮೂರು ತಿಂಗಳುಗಳಲ್ಲಿ ಸುಮಾರು 22 ಗ್ರಾಂ ಹೆಚ್ಚಾಗಿ ಬೇಕಾಗುತ್ತದೆ. ಹೆರಿಗೆಯಾದ ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 17 ಗ್ರಾಂ, ಮುಂದಿನ ಆರು ತಿಂಗಳು 13 ಗ್ರಾಂ ಹೆಚ್ಚಿಗೆ ಬೇಕು. ಗಂಡಹೆಂಡಿರ ಅಗತ್ಯವನ್ನು ಹೋಲಿಸಿ ನೋಡಿರಿ: ತುಂಬು ಗರ್ಭಿಣಿಗೆ 68 ಗ್ರಾಂ, ಗಂಡನಿಗೆ 54 ಗ್ರಾಂ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಸಾರಜನಕ ಬೇಕಾಗಿರುವುದು ಆಕೆಗೇ.

ಯಾವ ಪದಾರ್ಥದಲ್ಲಿ ಎಷ್ಟಿದೆ?

ಈ ಮುಂದಿನ ಅಂಕಿಗಳು 100 ಗ್ರಾಂ ಹಸಿ ಪದಾರ್ಥದಲ್ಲಿರುವ ಸಸಾರಜನಕವನ್ನು ಸ್ಥೂಲವಾಗಿ ತೋರಿಸುತ್ತವೆ.

ಅಕ್ಕಿ, ರಾಗಿ: ಸುಮಾರು 7 ಗ್ರಾಂ
ಜೋಳ: ಸುಮಾರು 10 ಗ್ರಾಂ
ಗೋಧಿ, ಸಜ್ಜೆ: ಸುಮಾರು 11 ಗ್ರಾಂ
ತೊಗರಿ, ಕಡಲೆ, ಹೆಸರು, ಉದ್ದು, ಹುರುಳಿ, ಅಲಸಂದೆ, ಅವರೆ, ಮಡಕೆ ಕಾಳು: 20ರಿಂದ 25 ಗ್ರಾಂ
ಕಡಲೆಕಾಯಿ ಬೀಜ: ಸುಮಾರು 24 ಗ್ರಾಂ
ಎಳ್ಳು, ಹುಚ್ಚೆಳ್ಳು: ಸುಮಾರು 18ರಿಂದ 24 ಗ್ರಾಂ
ಸೋಯಾ ಅವರೆ: 35 ಗ್ರಾಂಗೂ ಮೇಲ್ಪಟ್ಟು
ಹಾಲು, ಮೊಸರು: 3ರಿಂದ 4 ಗ್ರಾಂ

ಈ ಪಟ್ಟಿಯನ್ನು ಗಮನಿಸಿದರೆ ಎರಡು ಸಂಗತಿಗಳು ಹೊಳೆಯುತ್ತವೆ. ಮೊದಲನೆಯದಾಗಿ, ಸಾಧಾರಣ ಹುರುಳಿಗೂ ಬೆಲೆಬಾಳುವ ಬೇಳೆಗೂ ಈ ವಿಷಯದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಎತ್ತಿನ ಮೇವೆಂದು ಕೆಲವರು ಕಡೆಗಣಿಸುವ ಹುರುಳಿಯು ಮನುಷ್ಯರಿಗೂ ಉತ್ತಮ ಆಹಾರ. ಎರಡನೆಯದಾಗಿ, ಅಕ್ಕಿ ರಾಗಿಗಳಲ್ಲಿ ಸಸಾರಜನಕ ಕಡಿಮೆಯಾದರೂ ನಾವು ಅವನ್ನು ಉಣ್ಣುವ ಪ್ರಮಾಣ ಹೆಚ್ಚಾಗಿರುವುದರಿಂದ, ದಿನದ ಒಟ್ಟು ಲೆಕ್ಕದಲ್ಲಿ ಅವುಗಳ ಪಾಲೂ ದೊಡ್ಡದೇ.

ಧಾನ್ಯ ಮತ್ತು ಕಾಳುಗಳ ಜೋಡಿ

ಸಸ್ಯಾಹಾರದ ಸಸಾರಜನಕವು ಅಪೂರ್ಣವೆಂದು ಹೇಳುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯ ಮಾತ್ರವಿದೆ. ಅಕ್ಕಿ, ರಾಗಿ, ಜೋಳ ಮುಂತಾದ ಧಾನ್ಯಗಳಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳುಬೇಳೆಗಳಲ್ಲಿ ಅದು ಧಾರಾಳ. ಕಾಳುಬೇಳೆಗಳಲ್ಲಿ ಮೆಥಿಯೋನೀನ್ ಎಂಬುದು ಕಡಿಮೆ; ಧಾನ್ಯಗಳಲ್ಲಿ ಅದು ಸಾಕಷ್ಟಿದೆ. ಒಳ್ಳೆಯ ದಾಂಪತ್ಯದಲ್ಲಿ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವಂತೆ ಇವೆರಡೂ ಕೂಡಿದಾಗ ಊಟ ಪೂರ್ಣವಾಗುತ್ತದೆ.

ನಮ್ಮ ಹಿರಿಯರು ಈ ಜೋಡಿಯನ್ನು ರೂಢಿಯಲ್ಲಿಯೇ ಇರಿಸಿದ್ದಾರೆ. ರಾಗಿ ಮುದ್ದೆಗೆ ಹುರುಳಿಕಾಳಿನ ಸಾರು, ಅನ್ನಕ್ಕೆ ತೊಗರಿಬೇಳೆಯ ಹುಳಿ, ಜೋಳದ ರೊಟ್ಟಿಗೆ ಮಡಕೆ ಕಾಳಿನ ಪಲ್ಯ ಮತ್ತು ಶೇಂಗಾ ಚಟ್ನಿ, ಕುಚ್ಚಲಕ್ಕಿಯ ಗಂಜಿಗೆ ಹೆಸರುಕಾಳು, ಇಡ್ಲಿ ದೋಸೆಗಳಲ್ಲಿ ಅಕ್ಕಿಗೆ ಉದ್ದು. ಇವೆರಡನ್ನೂ ಒಂದೇ ತುತ್ತಿನಲ್ಲಿ ಉಣ್ಣಬೇಕೆಂಬ ನಿಯಮವೇನೂ ಇಲ್ಲ. ದಿನದ ಊಟದಲ್ಲಿ ಎರಡೂ ಇದ್ದರೆ ಸಾಕು. ಆದರೆ ಪ್ರಮಾಣ ಮುಖ್ಯ. ಧಾನ್ಯ ಮೂರು ಪಾಲಾದರೆ ಕಾಳುಬೇಳೆ ಒಂದು ಪಾಲಾಗಿರಬೇಕು. ಸಾಮಾನ್ಯವಾಗಿ ನಾವು ಎಡವುವುದು ಇಲ್ಲಿಯೇ.

ಒಂದು ದಿನದ ಲೆಕ್ಕ

ಹೊಲದಲ್ಲಿ ದುಡಿಯುವ, 55 ಕಿಲೋ ತೂಕದ ಗೃಹಿಣಿಯೊಬ್ಬಳು ದಿನಕ್ಕೆ 200 ಗ್ರಾಂ ರಾಗಿ ಹಿಟ್ಟಿನ ಮುದ್ದೆಯನ್ನೂ, 150 ಗ್ರಾಂ ಅಕ್ಕಿಯ ಅನ್ನವನ್ನೂ ಉಂಡರೆ ಅವುಗಳಿಂದ ಆಕೆಗೆ 24 ಗ್ರಾಂ ಸಸಾರಜನಕ ದೊರೆಯುತ್ತದೆ. 80 ಗ್ರಾಂ ಕಾಳುಬೇಳೆಗಳಿಂದ 18 ಗ್ರಾಂ, 25 ಗ್ರಾಂ ಕಡಲೆಕಾಯಿ ಬೀಜದಿಂದ 6 ಗ್ರಾಂ, ಒಂದು ಲೋಟ ಹಾಲು ಅಥವಾ ಮೊಸರಿನಿಂದ 6 ಗ್ರಾಂ, ಸೊಪ್ಪು ತರಕಾರಿಗಳಿಂದ ಸುಮಾರು 3 ಗ್ರಾಂ ಸೇರಿದರೆ ಒಟ್ಟು 57 ಗ್ರಾಂ ಆಗುತ್ತದೆ. ಆಕೆಗೆ ಬೇಕಾದುದು 46 ಗ್ರಾಂ. ಹೀಗೆ ಮಾಂಸ ಮೊಟ್ಟೆಗಳಿಲ್ಲದೆಯೇ, ಟಾನಿಕ್ಕಿಲ್ಲದೆಯೇ ಲೆಕ್ಕ ಸರಿಹೋಯಿತು.

ಈಗ ಇನ್ನೊಂದು ಮನೆಯ ಲೆಕ್ಕ ನೋಡೋಣ. ಐದು ಜನರಿರುವ ಮನೆಯಲ್ಲಿ ಇಡೀ ದಿನದ ಸಾರಿಗೆ ಹಾಕುವ ಬೇಳೆ 100 ಗ್ರಾಂ. ಸಮನಾಗಿ ಹಂಚಿದರೂ ಒಬ್ಬೊಬ್ಬರಿಗೆ 20 ಗ್ರಾಂ ಬೇಳೆ, ಎಂದರೆ 4 ಗ್ರಾಂ ಸಸಾರಜನಕ. ಹಾಲು ಡೇರಿಗೆ ಹೋಗುತ್ತದೆ, ಕಡಲೆಕಾಯಿ ಮಂಡಿಗೆ ಹೋಗುತ್ತದೆ. ಅದೇ ಮುದ್ದೆ, ಅದೇ ಅನ್ನ ಉಂಡರೂ ಈ ಮನೆಯ ಗೃಹಿಣಿಗೆ ಸಿಗುವುದು 30 ಗ್ರಾಂ ಆಸುಪಾಸು ಮಾತ್ರ. ಎರಡೂ ಸಸ್ಯಾಹಾರದ ಮನೆಗಳೇ. ವ್ಯತ್ಯಾಸವಿರುವುದು ಮಡಕೆಗೆ ಬಿದ್ದ ಕಾಳಿನಲ್ಲಿ. ದೊಡ್ಡವರ ಒಂದು ಹಿಡಿ ಕಾಳು ಸುಮಾರು 30 ಗ್ರಾಂ ಎಂದು ಇಟ್ಟುಕೊಂಡು, ವಯಸ್ಕರೊಬ್ಬರಿಗೆ ದಿನಕ್ಕೆ ಎರಡೂವರೆ ಹಿಡಿಯಿಂದ ಮೂರು ಹಿಡಿಯಷ್ಟು ಕಾಳುಬೇಳೆಯನ್ನು ಹಾಕುವುದನ್ನು ರೂಢಿಸಿಕೊಳ್ಳಿರಿ. ಹಾಲನ್ನೆಲ್ಲ ಮಾರುವ ಮೊದಲು, ಕಡಲೆಕಾಯಿಯನ್ನೆಲ್ಲ ಮಂಡಿಗೆ ಸಾಗಿಸುವ ಮೊದಲು, ಮನೆಯ ಪಾಲನ್ನು ತೆಗೆದಿರಿಸಿಕೊಳ್ಳಿರಿ.

ಸಾರಿನ ತಿಳಿ, ಸಾರಿನ ತಳ

ಮನೆಯಲ್ಲಿ ಸಾಕಷ್ಟು ಬೇಳೆ ಬೆಂದರೂ ಅದು ಎಲ್ಲರಿಗೂ ತಲುಪುತ್ತದೆಂದು ಹೇಳಲಾಗದು. ಸಾರಿನ ತಿಳಿಯಲ್ಲಿ ರುಚಿಯಿದೆ, ಉಪ್ಪು ಹುಳಿ ಖಾರವಿದೆ. ಸಸಾರಜನಕವಿರುವುದು ಬೆಂದ ಕಾಳಿನಲ್ಲಿ. ಹುರುಳಿಯನ್ನು ಬೇಯಿಸಿ ಕಟ್ಟನ್ನು ಮಾತ್ರ ಸಾರಿಗೆ ಬಳಸಿ, ಬೆಂದ ಕಾಳನ್ನು ದನಗಳಿಗೆ ಇಡುವ ಪದ್ಧತಿ ಹಲವು ಮನೆಗಳಲ್ಲಿದೆ. ಕಟ್ಟಿನ ಸಾರನ್ನು ಅಗತ್ಯವಾಗಿ ಮಾಡಿರಿ. ಆದರೆ ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿ ನೀವೂ ಉಣ್ಣಿರಿ.

ಗಂಡಸರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ನಮ್ಮ ಮನೆಗಳಲ್ಲಿ ಮೊದಲು ಗಂಡಸರು, ಅನಂತರ ಮಕ್ಕಳು, ಕಡೆಗೆ ಹೆಂಗಸರು ಉಣ್ಣುವುದು ವಾಡಿಕೆ. ಬಡಿಸುವಾಕೆ ಗಂಡನಿಗೂ ಮಾವನಿಗೂ ತಳದಿಂದ ಕದಡಿ ಗಟ್ಟಿಯಾಗಿ ಬಡಿಸುತ್ತಾಳೆ. ತಾನು ಕೂರುವ ಹೊತ್ತಿಗೆ ಪಾತ್ರೆಯಲ್ಲಿ ಉಳಿದಿರುವುದು ತಿಳಿ ಮಾತ್ರ. ಅವಳು ಯಾರಲ್ಲಿಯೂ ದೂರುವುದಿಲ್ಲ, ಮುದ್ದೆಯನ್ನು ಆ ತಿಳಿಯಲ್ಲಿ ಅದ್ದಿ ನುಂಗುತ್ತಾಳೆ. ನಿಮ್ಮ ಪತ್ನಿ ಊಟಕ್ಕೆ ಕುಳಿತಾಗ ಪಾತ್ರೆಯಲ್ಲಿ ಏನು ಉಳಿದಿದೆಯೆಂದು ಇಂದಿನ ರಾತ್ರಿಯೇ ಒಮ್ಮೆ ನೋಡಿರಿ. ಮನೆಮಂದಿ ಒಟ್ಟಿಗೆ ಕುಳಿತು ಉಣ್ಣುವುದು ಇದಕ್ಕೆ ಅತ್ಯುತ್ತಮ ಪರಿಹಾರ. ಅದು ಸಾಧ್ಯವಾಗದಿದ್ದಲ್ಲಿ ಗರ್ಭಿಣಿ ಬಾಣಂತಿಯರ ಪಾಲಿನ ಗಟ್ಟಿ ಕಾಳನ್ನು ಬಡಿಸುವ ಮೊದಲೇ ಬೇರೆ ಬಟ್ಟಲಿನಲ್ಲಿ ತೆಗೆದಿರಿಸಿರಿ. ಇದಕ್ಕೆ ಖರ್ಚು ಏನೂ ಇಲ್ಲ.

ಗರ್ಭಿಣಿ ಮತ್ತು ಬಾಣಂತಿ

ಹೆಚ್ಚಾಗಿ ಉಂಡರೆ ಮಗು ದಪ್ಪನಾಗಿ ಹೆರಿಗೆ ಕಷ್ಟವಾಗುತ್ತದೆಂಬ ಭಯದಿಂದ ಕೆಲವು ಗರ್ಭಿಣಿಯರು ಊಟವನ್ನು ಕಡಿಮೆ ಮಾಡುತ್ತಾರೆ. ಇದು ಅಪಾಯಕರ. ತಾಯಿ ಅರೆಹೊಟ್ಟೆಯಲ್ಲಿದ್ದರೆ ಮಗು ಕಡಿಮೆ ತೂಕದ್ದಾಗಿ ಹುಟ್ಟುವ ಸಂಭವ ಹೆಚ್ಚು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುವು ಸೋಂಕುಗಳಿಗೆ ಬೇಗ ತುತ್ತಾಗುತ್ತದೆ. ಮೇಲೆ ಹೇಳಿದ 57 ಗ್ರಾಂ ಲೆಕ್ಕದ ಊಟಕ್ಕೆ ಒಂದು ಹಿಡಿ ಕಾಳು ಮತ್ತು ಒಂದು ಲೋಟ ಹಾಲು ಸೇರಿಸಿದರೆ 70 ಗ್ರಾಂ ಆಗುತ್ತದೆ. ತುಂಬು ಗರ್ಭಿಣಿಗೂ ಅಷ್ಟು ಸಾಕು. ಒಮ್ಮೆಗೇ ಹೆಚ್ಚು ಉಣ್ಣಲಾಗದಿದ್ದರೆ ನಡುನಡುವೆ ಹೆಸರುಕಾಳಿನ ಉಸಲಿ, ಹುರಿಗಡಲೆಯ ತಂಬಿಟ್ಟು, ಕಡಲೆಕಾಯಿ ಬೆಲ್ಲ, ಕೋಸಂಬರಿ ಮುಂತಾದವನ್ನು ತಿನ್ನಬಹುದು.

ಬಾಣಂತಿಗೆ ಬೇಳೆ ವಾಯು, ಸೊಪ್ಪು ನಂಜು, ಮೊಸರು ಶೀತ ಎಂದು ಪಥ್ಯ ಹೇಳಿ, ಬರಿಯ ಅನ್ನ ಮೆಣಸಿನ ಸಾರು ಬಡಿಸುವುದನ್ನು ಹಿರಿಯರು ದಯವಿಟ್ಟು ಬಿಡಬೇಕು. ಅವರ ಕಾಳಜಿ ದೊಡ್ಡದು, ಆದರೆ ಹಾಲೂಡಿಸುವ ಸೊಸೆಗೆ ಬೇಕಾದುದನ್ನೇ ಈ ಪಥ್ಯವು ಕಿತ್ತುಕೊಳ್ಳುತ್ತದೆ. ತಾಯಿಗೆ ಸಾಲದಾದಾಗ ಶರೀರವು ಅವಳ ಮಾಂಸಖಂಡವನ್ನೇ ಕರಗಿಸಿ ಮಗುವಿಗೆ ಹಾಲು ಒದಗಿಸುತ್ತದೆ. ಚೆನ್ನಾಗಿ ಬೆಂದ ಹೆಸರುಬೇಳೆ, ತೊಗರಿಬೇಳೆಗಳನ್ನು ಮೊದಲ ವಾರದಿಂದಲೇ ಧೈರ್ಯವಾಗಿ ಕೊಡಿರಿ. ಕರ್ನಾಟಕದಲ್ಲಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯು 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದಿತು. ಅಲ್ಲಿ ಹೆಸರು ನೋಂದಾಯಿಸಲು ಸಂಕೋಚ ಬೇಡ. ಆದರೆ ಅಲ್ಲಿ ಉಂಡಳೆಂದು ಮನೆಯ ಪಾಲನ್ನು ಕಡಿಮೆ ಮಾಡಬಾರದು.

ಮಗುವಿನ ಪಾಲು

ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲೊಂದೇ ಸಂಪೂರ್ಣ ಆಹಾರ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನೊಡನೆ ಮೇಲಿನ ಆಹಾರವನ್ನು ಪ್ರಾರಂಭಿಸಬೇಕು, ಎರಡು ವರ್ಷವಾದರೂ ಎದೆಹಾಲನ್ನು ಮುಂದುವರಿಸಬೇಕು. ಈ ಹಂತದಲ್ಲಿಯೇ ಅನೇಕ ಮಕ್ಕಳು ಸೊರಗುತ್ತವೆ. ಬರಿಯ ಗಂಜಿ, ನೀರಾದ ರಾಗಿ ಅಂಬಲಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಇವು ಹೊಟ್ಟೆಯನ್ನು ತುಂಬಿಸುತ್ತವೆಯೇ ಹೊರತು ಮೈ ಕಟ್ಟುವುದಿಲ್ಲ.

ಮನೆಯಲ್ಲಿಯೇ ಮಾಡಬಹುದಾದ ಪುಷ್ಟಿಕರ ಹಿಟ್ಟು ಹೀಗಿದೆ. ಮೊಳಕೆ ಕಟ್ಟಿ ಒಣಗಿಸಿದ ರಾಗಿ ಮೂರು ಪಾಲು, ಹುರಿದ ಹೆಸರುಬೇಳೆ ಅಥವಾ ಹುರಿಗಡಲೆ ಒಂದು ಪಾಲು, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಅರ್ಧ ಪಾಲು. ಇವನ್ನು ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು, ಗಾಳಿಯಾಡದ ಡಬ್ಬಿಯಲ್ಲಿಡಿರಿ. ಬೇಕಾದಾಗ ಸರಿ ಕಾಯಿಸಿ, ಒಂದು ಚಮಚ ತುಪ್ಪ ಅಥವಾ ಎಣ್ಣೆ ಬೆರೆಸಿ ತಿನ್ನಿಸಿರಿ. ಸರಿಯು ಚಮಚದಿಂದ ನೀರಿನಂತೆ ಹರಿಯದೆ ನಿಲ್ಲುವಷ್ಟು ಗಟ್ಟಿಯಾಗಿರಬೇಕು.

1933ರಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾ ದೇಶದಲ್ಲಿ, ಎಳೆಯ ಮಕ್ಕಳಲ್ಲಿ ಕಾಣುತ್ತಿದ್ದ ಒಂದು ರೋಗವನ್ನು ವಿವರಿಸಿದರು. ಮಗುವಿನ ಕಾಲುಗಳು ಊದಿಕೊಳ್ಳುತ್ತಿದ್ದವು, ಕೂದಲು ಬಣ್ಣಗೆಡುತ್ತಿತ್ತು, ಚರ್ಮ ಸುಲಿಯುತ್ತಿತ್ತು. ಅಲ್ಲಿನ ತಾಯಂದಿರು ಇದನ್ನು ಕ್ವಾಷಿಯೋರ್ಕರ್ ಎಂದು ಕರೆಯುತ್ತಿದ್ದರು. ಮುಂದಿನ ಮಗು ಬಂದಾಗ ಹಿಂದಿನ ಮಗುವಿಗೆ ತಗಲುವ ಕಾಯಿಲೆ ಎಂಬುದು ಅದರ ಅರ್ಥ. ಈ ರೋಗಕ್ಕೆ ಸಸಾರಜನಕದ ಕೊರತೆಯೊಂದೇ ಅಲ್ಲ, ಒಟ್ಟು ಆಹಾರದ ಕೊರತೆ, ಪದೇ ಪದೇ ಬರುವ ಭೇದಿ ಮತ್ತು ಸೋಂಕುಗಳೂ ಕಾರಣವೆಂದು ಇಂದು ತಿಳಿದುಬಂದಿದೆ. ಆದರೆ ಆ ತಾಯಂದಿರು ಕಂಡುಕೊಂಡ ಸತ್ಯ ನಮ್ಮ ಹಳ್ಳಿಗಳಿಗೂ ಅನ್ವಯಿಸುತ್ತದೆ. ಮಗುವಿಗೆ ವರ್ಷ ತುಂಬುವುದರೊಳಗೆ ತಾಯಿ ಮತ್ತೆ ಗರ್ಭಿಣಿಯಾದರೆ, ಎದೆಹಾಲು ಬೇಗ ತಪ್ಪಿ, ಒಂದೇ ಪಾಲಿನ ಕಾಳು ಹೊಟ್ಟೆಯೊಳಗಿನ ಮಗುವಿಗೂ ಮಡಿಲಿನ ಮಗುವಿಗೂ ತಾಯಿಗೂ ಹಂಚಿಹೋಗುತ್ತದೆ. ಮೂವರೂ ಸೊರಗುತ್ತಾರೆ.

ಆದುದರಿಂದ ಹೆರಿಗೆಯಾದ ಮೇಲೆ ಕನಿಷ್ಠ ಎರಡು ವರ್ಷವಾದರೂ ಮುಂದಿನ ಗರ್ಭ ನಿಲ್ಲದಂತೆ ದಂಪತಿಗಳು ಎಚ್ಚರ ವಹಿಸಬೇಕು. ನಿರೋಧ್, ವಂಕಿ, ಗುಳಿಗೆ ಮತ್ತು ಚುಚ್ಚುಮದ್ದುಗಳು ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಉಚಿತವಾಗಿ ದೊರೆಯುತ್ತವೆ. ಹಾಲೂಡಿಸುವ ತಾಯಿಗೆ ಯಾವುದು ಸೂಕ್ತವೆಂಬುದನ್ನು ವೈದ್ಯಾಧಿಕಾರಿಗಳಲ್ಲಿ ಇಬ್ಬರೂ ಬಂದು ವಿಚಾರಿಸಿರಿ.

ಮಗುವಿನ ಪಾದಗಳು ಊದಿಕೊಂಡಿದ್ದರೆ, ಅಥವಾ ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಬಂದಿದ್ದರೆ, ದೃಷ್ಟಿಯಾಗಿದೆ, ಬಾಲಗ್ರಹ ಹಿಡಿದಿದೆ ಎಂದು ತಾಯತ ಕಟ್ಟಿಸಿ ದಿನ ಕಳೆಯಬೇಡಿರಿ. ಅಂದೇ ಆಸ್ಪತ್ರೆಗೆ ಕರೆತನ್ನಿರಿ.

ಅಡುಗೆಯ ಕ್ರಮ

ಕಾಳುಗಳನ್ನು ರಾತ್ರಿ ನೆನೆಹಾಕಿ, ಮೊಳಕೆ ಕಟ್ಟಿ ಬೇಯಿಸಿದರೆ ಬೇಗ ಬೇಯುತ್ತವೆ, ಸುಲಭವಾಗಿ ಜೀರ್ಣವಾಗುತ್ತವೆ, ಅವುಗಳಲ್ಲಿನ ಕಬ್ಬಿಣದ ಅಂಶವೂ ಶರೀರಕ್ಕೆ ಹೆಚ್ಚಾಗಿ ಒದಗುತ್ತದೆ. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಬೇಡಿರಿ. ಅದರಿಂದ ಬಿ ಜೀವಸತ್ವ ನಷ್ಟವಾಗುತ್ತದೆ. ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರಿಗೆ ಬಳಸಿರಿ. ಸೋಯಾ ಅವರೆಯನ್ನು ಹಸಿಯಾಗಿ ತಿನ್ನಲಾಗದು, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಉಸಲಿಗೆ ನಿಂಬೆರಸ ಹಿಂಡಿರಿ. ಊಟದೊಡನೆ ಚಹಾ ಕಾಫಿ ಬೇಡ; ಅವು ಕಬ್ಬಿಣವನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಪಿತ್ತಜನಕಾಂಗಕ್ಕೆ ಮಾರಕವಾದ ವಿಷವಿರಬಹುದಾದ್ದರಿಂದ, ಅದನ್ನು ಹುರಿದೂ ಬಳಸಬಾರದು.

ಹಾಲನ್ನೂ ಬಳಸದವರು

ನಂಬಿಕೆಯಿಂದಲೋ, ಒಗ್ಗದೆಯೋ, ಬಡತನದಿಂದಲೋ ಹಾಲನ್ನೂ ಬಳಸದವರು ದಿನಕ್ಕೆ ಇನ್ನೊಂದು ಹಿಡಿ ಕಾಳನ್ನು ಸೇರಿಸಿಕೊಂಡರೆ ಸಸಾರಜನಕದ ಕೊರತೆಯಾಗದು. ಸುಣ್ಣದ ಅಂಶಕ್ಕೆ ರಾಗಿ, ಎಳ್ಳು, ನುಗ್ಗೆಸೊಪ್ಪುಗಳಿವೆ. ಆದರೆ ಬಿ-12 ಎಂಬ ಜೀವಸತ್ವವು ಧಾನ್ಯ, ಕಾಳು, ಸೊಪ್ಪು ಯಾವುದರಲ್ಲಿಯೂ ನಂಬುವಷ್ಟಿಲ್ಲ. ಅದರ ಕೊರತೆಯಿಂದ ರಕ್ತಹೀನತೆ, ಕೈಕಾಲು ಜೋಮು ಹಿಡಿಯುವುದು ಕಾಣಿಸಿಕೊಳ್ಳುತ್ತವೆ. ಇಂಥವರು, ಮುಖ್ಯವಾಗಿ ಗರ್ಭಿಣಿಯರು, ವೈದ್ಯರ ಸಲಹೆಯಂತೆ ಬಿ-12 ಮಾತ್ರೆಯನ್ನು ತೆಗೆದುಕೊಳ್ಳಲೇಬೇಕು. ಮೂತ್ರಪಿಂಡದ ಕಾಯಿಲೆಯಿರುವವರು ಕಾಳಿನ ಪ್ರಮಾಣವನ್ನು ವೈದ್ಯರನ್ನು ಕೇಳಿ ನಿರ್ಧರಿಸಿಕೊಳ್ಳಬೇಕು.

ಕೊನೆಯ ಮಾತು

ಹೊಲದ ಬದುವಿನಲ್ಲಿ ನಾಲ್ಕು ಸಾಲು ತೊಗರಿ, ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು, ಹಿತ್ತಿಲಿನಲ್ಲಿ ಒಂದು ನುಗ್ಗೆ ಗಿಡ ಇದ್ದರೆ ಮನೆಯ ಆರೋಗ್ಯದ ಅರ್ಧ ಭಾಗ ಬೆಳೆದಂತೆಯೇ. ಉಳಿದ ಅರ್ಧವು ಅಡುಗೆಮನೆಯಲ್ಲಿ, ಬಡಿಸುವ ಸೌಟಿನಲ್ಲಿದೆ. ಟಾನಿಕ್ಕಿಗೆ ಎತ್ತಿಟ್ಟ ಹಣದಲ್ಲಿ ಕಾಳು ಕೊಳ್ಳಿರಿ. ಕೊಂಡ ಕಾಳನ್ನು ಸರಿಯಾಗಿ ಬೇಯಿಸಿರಿ. ಬೆಂದ ಕಾಳನ್ನು ಮನೆಯವರೆಲ್ಲರಿಗೂ, ಅದರಲ್ಲಿಯೂ ತಾಯಿಗೂ ಮಗುವಿಗೂ, ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿರಿ.